ಮಂಪರಿನ ಬೇರು

ಸುಳಿಗೆ ಸಿಕ್ಕು ಹೇಗೋ ಬದುಕಿ ಬಂದ ಮೇಲೆ ನೀರುನಾಯಿಗೆ ಹೊಳೆಯನ್ನು ಕಂಡರೇ ಕೈಕಾಲು ನಡುಗುತ್ತಿದ್ದವು. ಈಜು ಕಲಿಯಬೇಕಾದ ಮರಿಗಳೂ ಅಮ್ಮನನ್ನು ನೋಡಿ ನೀರಿಗಿಳಿಯದಾದವು. ಕೊನೆಗೆ ಅದು, ಬೇರುಗಳ ಗುಣವನ್ನು ಪರೀಕ್ಷಿಸುತ್ತಿದ್ದ ಮುಳ್ಳುಹಂದಿಯ ಬಳಿಗೆ ಹೋಯಿತು.

"ಪಂಡಿತರೇ, ಈ ಭಯಕ್ಕೊಂದು ಮದ್ದು ಕೊಡಿ."

ಮುಳ್ಳುಹಂದಿ ಮಂಪರು ತರುವ ಒಂದು ಬೇರನ್ನು ಕೊಟ್ಟಿತು. ಅದನ್ನು ಅಗಿದ ನೀರುನಾಯಿ ತೂಕಡಿಸುತ್ತಲೇ ಹೊಳೆಗಿಳಿದು, ಆಚೆ ದಡ ಮುಟ್ಟಿ ಬಂದಿತು. ಎರಡಕ್ಕೂ ಬಹಳ ಸಂತೋಷವಾಯಿತು. ಆದರೆ ಮರುದಿನ ನೀರಿನ ಸದ್ದು ಕಿವಿಗೆ ಬಿದ್ದದ್ದೇ ತಡ, ಹಳೆಯ ನಡುಕ ಹಾಗೇ ಹಿಂತಿರುಗಿತು.

"ಇನ್ನೊಂದು ಬೇರು ಕೊಡಿ."

"ಕೊಟ್ಟರೆ ನಾಳೆಯೂ ಬೇಕಾಗುತ್ತದೆ. ನಿನ್ನೆ ಹೊಳೆ ದಾಟುವಾಗ ಹೇಗಿತ್ತು, ಹೇಳು ತಂಗಿ."

"ಏನೂ ನೆನಪಿಲ್ಲ."

ಮುಳ್ಳುಹಂದಿ ಬೇರುಗಳನ್ನು ಪಕ್ಕಕ್ಕೆ ಸರಿಸಿತು. "ಹಾಗಾದರೆ ಗೊತ್ತಾಯಿತು. ಬೇರು ಭಯವನ್ನು ಮಲಗಿಸಿತು, ಜೊತೆಗೆ ನಿನ್ನನ್ನೂ ಮಲಗಿಸಿತು. ನೀರು ನಿನಗೇನೂ ಮಾಡಲಿಲ್ಲವೆಂದು ತಿಳಿದುಕೊಳ್ಳಲು ನಿನಗೇ ಎಚ್ಚರವಿರಲಿಲ್ಲ. ಬಾ, ಇವತ್ತು ಎಚ್ಚರದಲ್ಲೇ ಇಳಿಯೋಣ."

ಪಾದ ಮುಳುಗುವಷ್ಟು ನೀರಿನಲ್ಲಿ ಎರಡೂ ನಿಂತವು. ನೀರುನಾಯಿಯ ಎದೆ ಡವಡವ ಹೊಡೆದುಕೊಂಡಿತು.

"ಓಡಿಹೋಗಲೇ?"

"ಇನ್ನೂ ಸ್ವಲ್ಪ ನಿಲ್ಲು."

ನಿಂತಿತು. ನಿಂತಂತೆಯೇ ನಡುಕ ಮೆಲ್ಲಗೆ ತಾನಾಗಿ ಇಳಿಯಿತು. ಅಂದಿನಿಂದ ನೀರುನಾಯಿ ದಿನದಿನವೂ ನೀರಿನಲ್ಲಿ ಇನ್ನಷ್ಟು ಒಳಕ್ಕೆ ಹೋಯಿತು.

ಒಂದು ಬೆಳಿಗ್ಗೆ ಮರಿಯೊಂದು ದಡದಲ್ಲಿ ನಿಂತು, "ಅಮ್ಮಾ, ಹೆದರಿಕೆಯಾಗುತ್ತೆ" ಎಂದಿತು.

"ನನಗೂ ಆಗುತ್ತೆ, ಬಾ" ಎನ್ನುತ್ತಾ ಅಮ್ಮ ಮೊದಲು ನೀರಿಗಿಳಿಯಿತು.