ಅಳಿಸಿದ ಸೊನ್ನೆ

ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳ ಹವ್ಯಾಸಿ ಕ್ರಿಕೆಟ್ ಲೀಗಿಗೆ ನೂರು ವರ್ಷ ತುಂಬಿತು. ಲೀಗಿನ ಗುಮಾಸ್ತ ಹಳೇ ಸ್ಕೋರು ಪುಸ್ತಕಗಳನ್ನೆಲ್ಲ ಜಾಲಾಡಿ, ಹನ್ನೊಂದು ವರ್ಷ ಕೂತು ಅದರ ಇತಿಹಾಸ ಬರೆದಿದ್ದ. ಅಧ್ಯಕ್ಷ ಆಸ್ಬರ್ಟ್ ಕ್ಲೆಗ್ ಸಾಹೇಬರು ಒಂದು ಪುಟಕ್ಕೆ ಬಂದವರೇ ಕೆಂಡವಾದರು. ಐವತ್ತು ವರ್ಷದ ಹಿಂದಿನ ಫೈನಲ್‌ನಲ್ಲಿ, ಪಂದ್ಯದ ಕೊನೇ ಚೆಂಡು ಎದುರಿಸಲು ಬಂದ ಅವರು ಬೌಲ್ಡ್ ಆಗಿ ಸೊನ್ನೆ ಸುತ್ತಿದ್ದು ಅಲ್ಲಿತ್ತು.

"ಆ ಚೆಂಡು ಬಂದೇ ಇಲ್ಲ ಅಂತ ಮಾಡು. ಇಲ್ಲದಿದ್ದರೆ ಪುಸ್ತಕ ಅಚ್ಚಿಗೆ ಹೋಗಲ್ಲ!"

ಗುಮಾಸ್ತ ಹಳೇ ಸ್ಕೋರು ಪುಸ್ತಕ ತೆರೆದು, ಪೆನ್ಸಿಲಿನ ಗುರುತನ್ನು ರಬ್ಬರಿನಿಂದ ಉಜ್ಜಿದ. ಉಫ್ ಎಂದು ಊದಿದ.

"ಆಯ್ತು ಸ್ವಾಮಿ. ಈಗ ಓವರಿನಲ್ಲಿ ಐದೇ ಚೆಂಡು. ಅಂದಮೇಲೆ ಪಂದ್ಯ ಇನ್ನೂ ಮುಗಿದಿಲ್ಲ, ನೀವಿನ್ನೂ ನಾಟೌಟು. ಭಾನುವಾರ ಪ್ಯಾಡು ಕಟ್ಟಿಕೊಂಡು ಬನ್ನಿ."

ನಾಟೌಟು ಅಂದದ್ದಕ್ಕೆ ಕ್ಲೆಗ್ ಉಬ್ಬಿಹೋದರು.

ಭಾನುವಾರ ಊರಿಗೆ ಊರೇ ನೆರೆಯಿತು. ಅಂದಿನ ಬೌಲರ್ ವಿಲ್ಫ್ರೆಡ್‌ಗೆ ಈಗ ಎಂಬತ್ತು. ಊರುಗೋಲನ್ನು ಅಂಪೈರಿನ ಕೈಗಿತ್ತು, ನಾಲ್ಕು ಹೆಜ್ಜೆ ನಡೆದು ಚೆಂಡು ಬಿಟ್ಟರು. ಅದು ಉಸ್ಸಪ್ಪಾ ಅಂತ ಒಮ್ಮೆ ಪುಟಿದು, ಕ್ಲೆಗ್ ಎರಡು ಸಲ ಬ್ಯಾಟು ಬೀಸಿ ಮುಗಿಸಿದ ಮೇಲೆ ಹೋಗಿ ಸ್ಟಂಪು ಬೀಳಿಸಿತು.

ಗುಮಾಸ್ತ ರಬ್ಬರು ಹಿಡಿದು ಓಡಿಬಂದ. "ಇದನ್ನೂ ಅಳಿಸಲಾ ಸ್ವಾಮಿ? ವಿಲ್ಫ್ರೆಡ್ ಮುಂದಿನ ಭಾನುವಾರವೂ ಬಿಡುವಾಗಿದ್ದಾರೆ."

"ಬೇಡ ಮಾರಾಯ, ಹಳೇ ಸೊನ್ನೆಯನ್ನೇ ವಾಪಸ್ ಬರಿ," ಅಂದರು ಕ್ಲೆಗ್, ಪ್ಯಾಡು ಬಿಚ್ಚುತ್ತ. "ಅವತ್ತು ಚೆಂಡಾದರೂ ಜೋರಾಗಿ ಬಂದಿತ್ತು."