ಮೈದಾನಕ್ಕೆ ಬಂದ ಕಂಡಕ್ಟರ್

ಮೇ ಹದಿನಾಲ್ಕು, ಬುಧವಾರ. ಬೆಳಿಗ್ಗೆಯಿಂದ ಬಿಸಿಲು, ಗಾಳಿ ಇರಲಿಲ್ಲ.

ಶಿಷ್ಯ ಚಿದಂಬರ ಗುರುಗಳ ಮುಂದೆ ಕುಳಿತು ಕೇಳಿದ: “ಗುರುಗಳೇ, ನಮ್ಮ ಬಡಾವಣೆಯ ಮಕ್ಕಳಿಗೆ ಫುಟ್‌ಬಾಲ್ ಕಲಿಸಲು ಯಾರೂ ಇಲ್ಲ. ಭಾನುವಾರದಿಂದ ನಾನೇ ಕಲಿಸುತ್ತೇನೆಂದು ಒಪ್ಪಿಕೊಂಡಿದ್ದೇನೆ. ಸಂಬಳ ಬೇಡವೆಂದೂ ಹೇಳಿದ್ದೇನೆ. ಆದರೆ ಏನೂ ಬೇಡವೆಂದು ಮನಸ್ಸು ಹೇಳುತ್ತಿಲ್ಲ. ಇಂಥ ಕೆಲಸಕ್ಕೆ ಕೈಹಾಕಿದವನಿಗೆ ಕೊನೆಗೆ ಸಲ್ಲುವುದೇನು?”

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಸ್ ಕಂಡಕ್ಟರ್ ಇದ್ದ. ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಗಂಡ ಹೆಂಡತಿ ಆ ಮಾತನ್ನು ಎತ್ತುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅವನ ಬಸ್ಸು ಸಂಜೆ ಐದಕ್ಕೆ ಡಿಪೋ ಸೇರುತ್ತಿತ್ತು. ಡಿಪೋದ ಗೋಡೆಯ ಆಚೆ ಮೈದಾನ. ಅಲ್ಲಿ ಮಕ್ಕಳು ಫುಟ್‌ಬಾಲ್ ಆಡುತ್ತಿದ್ದರು. ಕೆಲಸ ಮುಗಿದ ಮೇಲೆ ಅವನು ಗೋಡೆಗೆ ಮೊಣಕೈ ಊರಿ ನಿಲ್ಲುತ್ತಿದ್ದ. ಕೊನೆಯ ಮಗು ಮನೆಗೆ ಹೊರಟ ಮೇಲೆ ತಾನೂ ಹೊರಡುತ್ತಿದ್ದ.

ಆ ಮಕ್ಕಳಿಗೆ ಕಲಿಸುತ್ತಿದ್ದ ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು. ತಂದೆತಾಯಿಗಳು ಸೇರಿ, ಬಿಟ್ಟಿಯಾಗಿ ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಗೋಡೆಯ ಈಚೆಯಿಂದ ಕಂಡಕ್ಟರ್ ಕೈ ಎತ್ತಿದ.

“ಆಡಿ ಗೊತ್ತೇನ್ರಿ ನಿಮಗೆ?” ಎಂದು ಒಬ್ಬರು ಕೇಳಿದರು.

“ಆಡಿಲ್ಲ. ನೋಡಿದೀನಿ,” ಎಂದ ಅವನು.

ಬೇರೆ ಯಾರೂ ಕೈ ಎತ್ತಿರಲಿಲ್ಲ. ಹಾಗಾಗಿ ಅವನೇ ಆದ.

ಅವನು ಬೆಳಗಿನ ಪಾಳಿ ಕೇಳಿ ಹಾಕಿಸಿಕೊಂಡ. ಗ್ರಂಥಾಲಯದಿಂದ ಆಟದ ನಿಯಮಗಳ ಪುಸ್ತಕ ತಂದು ಓದಿದ. ತಂಡದ ಗುರುತಿಗೆ ಹೆಂಡತಿ ತನ್ನ ಕೆಂಪು ಸೀರೆಯೊಂದನ್ನು ಕತ್ತರಿಸಿ ಎದೆಗೆ ಅಡ್ಡ ಕಟ್ಟುವ ಪಟ್ಟಿಗಳನ್ನು ಹೊಲಿದಳು. ಹನ್ನೊಂದು ಸಾಕೆಂದು ಅವನು ಹೇಳಿದ್ದ. ಅವಳು ಹನ್ನೆರಡು ಹೊಲಿದು, “ಇರಲಿ,” ಎಂದಳು.

ಕಂಡಕ್ಟರನಿಗೆ ಗೊತ್ತಿದ್ದ ವಿದ್ಯೆ ಒಂದೇ. ಬಸ್ಸಿನಲ್ಲಿ ಅವನು ಒಂದು ಸೀಟಿ ಊದಿದರೆ ಡ್ರೈವರ್ ನಿಲ್ಲಿಸುತ್ತಿದ್ದ. ಎರಡು ಊದಿದರೆ ಹೊರಡುತ್ತಿದ್ದ. ಏಕೆಂದು ಕೇಳುತ್ತಿರಲಿಲ್ಲ. ಮೈದಾನದಲ್ಲಿಯೂ ಅವನು ಅದನ್ನೇ ಕಲಿಸಿದ. ಒಂದು ಸೀಟಿಗೆ ಚೆಂಡನ್ನು ಕಾಲಡಿ ನಿಲ್ಲಿಸಬೇಕು. ಎರಡು ಸೀಟಿಗೆ ಮುಂದಿನವರಿಗೆ ಕೊಡಬೇಕು. ಮಕ್ಕಳು ಒಂದೇ ವಾರದಲ್ಲಿ ಕಲಿತರು. ಚೆಂಡನ್ನು ನಿಲ್ಲಿಸಿದ ಕೂಡಲೇ ಹನ್ನೊಂದು ಮುಖಗಳೂ ಅವನತ್ತ ತಿರುಗಿ ಎರಡನೆಯ ಸೀಟಿಗೆ ಕಾಯುತ್ತಿದ್ದವು. ಅವನು ಆ ಗಳಿಗೆಯನ್ನು ಸ್ವಲ್ಪ ಉದ್ದ ಮಾಡುತ್ತಿದ್ದ. ಸೀಟಿ ತುಟಿಗೆ ಬಂದಿದ್ದರೂ ಊದುತ್ತಿರಲಿಲ್ಲ.

ಮನೆಗೆ ಹೋಗಿ ಹೆಂಡತಿಗೆ, “ಎಲ್ರೂ ನನ್ನನ್ನೇ ನೋಡ್ತಾರೆ ಕಣೇ,” ಎನ್ನುತ್ತಿದ್ದ.

“ಹೇಗೆ ನೋಡ್ತಾರೆ?” ಎಂದು ಅವಳು ಕೇಳುತ್ತಿದ್ದಳು.

ಅವನು ದಿನವೂ ಹೇಳುತ್ತಿದ್ದ. ಅವಳು ದಿನವೂ ಕೇಳುತ್ತಿದ್ದಳು.

ಎರಡು ತಿಂಗಳ ನಂತರ ಪಕ್ಕದ ಊರಿನ ತಂಡದೊಂದಿಗೆ ಪಂದ್ಯವಾಯಿತು. ಪಂದ್ಯದಲ್ಲಿ ಸೀಟಿ ಊದುವ ಅಧಿಕಾರ ರೆಫರಿಗೆ ಮಾತ್ರ. ಕಂಡಕ್ಟರ್ ಓದಿದ್ದ ಪುಸ್ತಕದಲ್ಲಿಯೂ ಅದು ಇತ್ತು. ಅವನು ಅದನ್ನು ತನಗೆ ಅನ್ವಯಿಸಿಕೊಂಡಿರಲಿಲ್ಲ. ರೆಫರಿ ಬಂದು ಅವನ ಸೀಟಿಯನ್ನು ಜೇಬಿಗೆ ಹಾಕಿಸಿದ. ಆಟ ಶುರುವಾಯಿತು. ಚೆಂಡು ಬಂದಾಗಲೆಲ್ಲ ಮಕ್ಕಳು ಅದನ್ನು ಕಾಲಡಿ ನಿಲ್ಲಿಸಿ ಅವನ ಮುಖ ನೋಡಿದರು. ಅಷ್ಟರಲ್ಲಿ ಎದುರಿನವರು ಚೆಂಡು ಕಿತ್ತುಕೊಂಡು ಹೋದರು. ಅವನಿಗೆ ತಡೆಯಲಾಗಲಿಲ್ಲ. “ರೈಟ್! ರೈಟ್!” ಎಂದು ಕೂಗಿದ.

ಮೈದಾನವೆಲ್ಲ ನಕ್ಕಿತು. “ಬಸ್ಸು ಕೆಟ್ಟು ನಿಂತೈತೆ ಕಣ್ರೋ, ಇಳಿದು ತಳ್ರೋ!” ಎಂದು ಎದುರು ತಂಡದ ಹುಡುಗನೊಬ್ಬ ಅಣಕಿಸಿದ. ಅವರು ಏಳು ಗೋಲು ಹೊಡೆದರು.

ಹಿಂದಿರುಗುವಾಗ ತಂಡದ ಒಬ್ಬ ಹುಡುಗಿ ಅವನ ಪಕ್ಕದಲ್ಲಿ ನಡೆಯುತ್ತಾ ಬಂದಳು. ಅವಳಿಗೆ ಹತ್ತು ವರ್ಷ.

“ಸರ್, ಬೈಯಲ್ಲ ಅಂದ್ರೆ ಒಂದು ಕೇಳ್ತೀನಿ.”

“ಕೇಳಮ್ಮ.”

“ಚೆಂಡು ನೋಡ್ಲಾ, ನಿಮ್ಮನ್ನ ನೋಡ್ಲಾ? ಎರಡೂ ಆಗಲ್ಲ ಸರ್.”

ಅವನಿಗೆ ಉತ್ತರ ಗೊತ್ತಿತ್ತು. ಅದನ್ನು ಹೇಳಲು ಎರಡು ದಿನ ಬೇಕಾಯಿತು.

ಮೂರನೆಯ ದಿನ ಅವನು ಸೀಟಿ ಇಲ್ಲದೆ ಮೈದಾನಕ್ಕೆ ಬಂದು, “ಚೆಂಡು ನೋಡಿ. ಏನು ಮಾಡಬೇಕೋ ನಿಮಗೇ ಹೊಳೆಯುತ್ತೆ,” ಎಂದ. ಏನೂ ಹೊಳೆಯಲಿಲ್ಲ. ಮಕ್ಕಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು, ಜಗಳವಾಡಿದರು. ಚೆಂಡು ಸಿಕ್ಕಿದಾಗ ಮತ್ತೆ ಅವನತ್ತಲೇ ತಿರುಗಿದರು. ಹಾಗೆ ತಿರುಗಿದಾಗಲೆಲ್ಲ ಅವನು ಬೆನ್ನು ತಿರುಗಿಸಿದ.

“ಸಿಟ್ಟಾ ಸರ್?” ಎಂದು ಒಬ್ಬ ಹುಡುಗ ಕೇಳಿದ.

“ಇಲ್ಲ ಕಣೋ.”

“ಮತ್ತೆ ಯಾಕೆ ಆ ಕಡೆ ನೋಡ್ತೀರಿ?”

“ಅಲ್ಲೊಂದು ಹಕ್ಕಿ ಇತ್ತು.”

“ಎಲ್ಲಿ? ಸುಳ್ಳು ಹೇಳ್ತೀರಿ ಸರ್.”

“ಹಾರಿಹೋಯ್ತು. ಹೋಗು, ಆಡು.”

ಆಟ ಮುಗಿದ ಮೇಲೆ ಮಾತ್ರ ಅವನು ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದ: ಅಲ್ಲಿ ಎಡಕ್ಕೆ ಏಕೆ ಕೊಟ್ಟೆ? ಇಲ್ಲಿ ಏಕೆ ನಿಂತೆ? ಮಗು ಏನು ಹೇಳಿದರೂ ಕೊನೆಯವರೆಗೆ ಕೇಳುತ್ತಿದ್ದ. ದಿನ ಕಳೆದಂತೆ ತಿರುಗುವ ಮುಖಗಳು ಕಡಿಮೆಯಾದವು. ಮಳೆಗಾಲ ಮುಗಿಯುವಾಗ ಐದು ಇದ್ದವು. ದಸರೆಯ ಹೊತ್ತಿಗೆ ಎರಡು. ಮನೆಯಲ್ಲಿ ಹೆಂಡತಿ, “ಈಗ ಹೇಗೆ ನೋಡ್ತಾರೆ?” ಎಂದು ಒಮ್ಮೆ ಕೇಳಿದಳು. ಅವನು ಬೂಟು ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. ಅವಳು ಮತ್ತೆ ಕೇಳಲಿಲ್ಲ.

ಕಡೆಗೆ ಒಬ್ಬನೇ ಉಳಿದ. ತಂಡದಲ್ಲಿ ಎಲ್ಲರಿಗಿಂತ ಸಣ್ಣ ಹುಡುಗ. ಚೆಂಡು ಕಾಲಿಗೆ ಬಂತೆಂದರೆ ಅವನ ಮುಖ ತಾನಾಗಿ ಕಂಡಕ್ಟರನತ್ತ ಹೊರಳುತ್ತಿತ್ತು. ಇವನೊಬ್ಬನಾದರೂ ಹೀಗೆಯೇ ಇರಲಿ ಎಂದು ಕಂಡಕ್ಟರನ ಮನಸ್ಸು ಬೇಡುತ್ತಿತ್ತು. ಆದರೂ ಅವನು ಬೆನ್ನು ತಿರುಗಿಸುತ್ತಿದ್ದ.

ವರ್ಷದ ಕೊನೆಯಲ್ಲಿ ಅದೇ ಪಕ್ಕದ ಊರಿನ ತಂಡ ಮತ್ತೆ ಬಂದಿತು. ಈ ಸಲ ಅಣಕಿಸಲು ಅವರಿಗೆ ಪುರುಸೊತ್ತು ಸಿಗಲಿಲ್ಲ. ಮಕ್ಕಳು ಓಡುತ್ತಲೇ ಒಬ್ಬರನ್ನೊಬ್ಬರು ಕರೆದರು, ಬೈದುಕೊಂಡರು, ದಾರಿ ಮಾಡಿಕೊಟ್ಟರು. ಎರಡೂ ಕಡೆಗೆ ಒಂದೊಂದು ಗೋಲಾಗಿತ್ತು. ಆಟ ಮುಗಿಯಲು ಒಂದು ನಿಮಿಷ ಇರುವಾಗ ಚೆಂಡು ಉರುಳಿ ಆ ಸಣ್ಣ ಹುಡುಗನ ಕಾಲಿಗೆ ಬಂದಿತು. ಅವನ ಮುಂದೆ ಗೋಲ್‌ಕೀಪರ್ ಒಬ್ಬನೇ. ಗೆರೆಯಾಚೆ ನಿಂತಿದ್ದ ಕಂಡಕ್ಟರನಿಗೆ ಆ ದಿನ ಬೆನ್ನು ತಿರುಗಿಸಲು ಆಗಲಿಲ್ಲ. ಹುಡುಗ ಚೆಂಡನ್ನು ಹೊಡೆದ.

ಗುರುಗಳು ಕತೆ ನಿಲ್ಲಿಸಿದರು.

“ಗೋಲಾಯಿತೇ?” ಎಂದು ಚಿದಂಬರ ಕೇಳಿದ.

“ಇಲ್ಲ. ಕಂಬಕ್ಕೆ ಬಡಿದು ಆಚೆ ಹೋಯಿತು.”

“ಹಾಗಾದರೆ ಒಂದು ವರ್ಷದ ದುಡಿಮೆಗೆ ಅವನಿಗೆ ಸಂದದ್ದೇನು, ಗುರುಗಳೇ?”

ಗುರುಗಳು ಹೇಳಿದರು: “ಹೊಡೆಯುವ ಮೊದಲು ಆ ಹುಡುಗ ಅವನ ಕಡೆ ನೋಡಲಿಲ್ಲ.”