ಒಂದು ಮಣ ತುಕ್ಕು

"ಗುರುಗಳೇ, ಮಠಕ್ಕೆ ಬಂದಾಗ ಇದ್ದ ಶ್ರದ್ಧೆ ನನ್ನಲ್ಲಿ ಈಗ ಉಳಿದಿಲ್ಲ. ಅಡುಗೆಯ ಸಂಗಯ್ಯನ ದಿನಬೆಳಗಿನ ಜಗಳ ಅದನ್ನು ತಿಂದುಹಾಕಿತು. ನಾನು ಊರಿಗೆ ಹೊರಡಲೇ?" ಎಂದು ಚೆನ್ನಮಲ್ಲ ಕೇಳಿದ. ಗಂಟು ಆಗಲೇ ಕಟ್ಟಿಯಾಗಿತ್ತು.

ಗುರುಗಳು ಗಂಟಿನತ್ತ ನೋಡಿ ಕತೆ ಶುರುಮಾಡಿದರು.

ಒಬ್ಬ ಕಮ್ಮಾರನಿದ್ದ. ಅವನು ಕಾದ ಕಬ್ಬಿಣವನ್ನು ಇಟ್ಟು ಬಡಿಯುವ, ಕಬ್ಬಿಣದ್ದೇ ಆದ ಅಡಿಗಲ್ಲು ಬಿರುಕು ಬಿಟ್ಟಿತ್ತು. ಅಡಿಗಲ್ಲಿಲ್ಲದ ಕಮ್ಮಾರನನ್ನು ಯಾರು ಕೇಳುತ್ತಾರೆ? ಹೊಸದಕ್ಕೆಂದು ಅವನು ಅರದಿಂದ ಉಜ್ಜುವಾಗ ಉದುರಿದ ಕಬ್ಬಿಣದ ಪುಡಿಯನ್ನು ವರ್ಷಗಟ್ಟಲೆ ಗುಡಾಣದಲ್ಲಿ ಕೂಡಿಟ್ಟಿದ್ದ. ಎಷ್ಟಿದೆಯೆಂದು ಹೆಂಡತಿಗೂ ಹೇಳಿರಲಿಲ್ಲ. ಇಟ್ಟ ಜಾಗದಲ್ಲಿ ಸೂರು ಸೋರುತ್ತದೆಂಬುದು ಮಾತ್ರ ಆ ಜಾಣನಿಗೆ ಹೊಳೆದಿರಲಿಲ್ಲ. ಕಡೆಗೊಂದು ದಿನ ಮುಚ್ಚಳ ತೆಗೆದರೆ ಒಳಗೆ ಬರೀ ಕೆಂಪು ಪುಡಿ. ಎತ್ತಿದರೆ ಮೊದಲಿಗಿಂತ ಭಾರ.

"ಪಕ್ಕದ ಮನೆ ಕುಂಬಾರ ಕಬ್ಬಿಣ ಕದ್ದು ಕೆಮ್ಮಣ್ಣು ತುಂಬಿದಾನೆ. ಪಂಚಾಯಿತಿ ಸೇರಿಸ್ತೀನಿ" ಎಂದು ಹೊರಟ.

ಹೆಂಡತಿ ಅದಿರು ಕರಗಿಸುವವರ ಮನೆಯ ಮಗಳು. ಅವನನ್ನು ತಡೆದು ನಿಲ್ಲಿಸಿದಳು. ಪುಡಿಯನ್ನು ಬಾಣಲೆಯಲ್ಲಿ ಕಾಯಿಸಿ, ನೀರಿನ ಪಸೆಯೆಲ್ಲ ಆರಿಸಿ ತೂಗಿದಳು. ಒಂದು ಮಣ, ಅಂದರೆ ನಲವತ್ತು ಸೇರು.

"ಹತ್ತು ಸೇರು ಅಪ್ಪಟ ಕೆಂಪು ಅದಿರುಕಲ್ಲಲ್ಲಿ ಏಳು ಸೇರು ಕಬ್ಬಿಣ, ಮಿಕ್ಕ ಮೂರು ಗಾಳಿಯಿಂದ ಬಂದು ಕೂಡಿಕೊಂಡದ್ದು ಅಂತ ನಮ್ಮಪ್ಪ ಹೇಳ್ತಿದ್ದ. ತುಕ್ಕೂ ಅದೇ ಜಾತಿ. ಹಾಗಿದ್ರೆ ನೀವು ಇಟ್ಟಿದ್ದು ಇಪ್ಪತ್ತೆಂಟು ಸೇರು. ಹೌದೋ ಅಲ್ವೋ?"

ಕಮ್ಮಾರ ಹೌದೆಂದು ತಲೆಯಾಡಿಸಿದ. ಅವನು ತೂಗಿ ಇಟ್ಟದ್ದು ಇಪ್ಪತ್ತೆಂಟೇ.

ಕರಗಿಸುವ ಕುಲುಮೆ ಕಟ್ಟಲು ಒಳ್ಳೆಯ ಜೇಡಿಮಣ್ಣು ಬೇಕು. ಅದಿದ್ದದ್ದು ಕುಂಬಾರನ ಮನೆಯಲ್ಲಿ. ಕಮ್ಮಾರ ತಲೆ ತಗ್ಗಿಸಿಕೊಂಡು ಹೋಗಿ ಕೇಳಿದ. ಕುಂಬಾರ ಮಣ್ಣು ಕೊಟ್ಟದ್ದಲ್ಲದೆ ಬೆಂಕಿಗೆ ಗಾಳಿ ಊದುವ ತಿದಿ ಒತ್ತಲು ತಾನೂ ಬಂದ. ಇದ್ದಿಲ ಬೆಂಕಿ ಗಾಳಿಯ ಪಾಲನ್ನು ತೆಗೆದುಕೊಂಡು ಕಬ್ಬಿಣದ ಪಾಲನ್ನು ಬಿಟ್ಟುಕೊಟ್ಟಿತು. ಕರಗಿಸಿದಾಗ ಉಳಿಯುವ ಕಸವಾದ ಕಿಟ್ಟದಲ್ಲಿ ಸೇರಿಹೋದ ಚೂರುಪಾರು ಬಿಟ್ಟರೆ ಇಟ್ಟದ್ದೆಲ್ಲ ಕೈಗೆ ಬಂತು. ಹೊಸ ಅಡಿಗಲ್ಲಿನ ಮೇಲೆ ಮೊದಲ ಪೆಟ್ಟು ಬಿದ್ದಾಗ ಆ ಸದ್ದು ಇಡೀ ಊರಿಗೆ ಕೇಳಿಸಿತು. ಕಮ್ಮಾರ ಹಿಗ್ಗಿ ಹೀರೇಕಾಯಿಯಾದ.

ಚೆನ್ನಮಲ್ಲನ ಮುಖವೂ ಅರಳಿತ್ತು. "ಹಾಗಾದರೆ ನನ್ನದೂ ಎಲ್ಲಿಗೂ ಹೋಗಿಲ್ಲ. ಅದನ್ನು ತೆಗೆಯುವುದು ಹೇಗೆ, ಗುರುಗಳೇ?"

"ಗಂಟು ಇಲ್ಲೇ ಇರಲಿ, ತಿದಿ ಒತ್ತಲು ಬರುತ್ತಾನೋ ಎಂದು ಸಂಗಯ್ಯನನ್ನು ಕೇಳಿ ಬಾ."